ಬಂಗಾರ ತೆಗೆದು ಬಿಟ್ಟುಹೋದ ಗುಡ್ಡ

ಗದಗದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಬಲಗಡೆ ಗುಡ್ಡದ ಸಾಲೊಂದು ಬಹಳ ಹೊತ್ತು ಜತೆಗೇ ಬರುತ್ತದೆ. ಅದು ಕಪ್ಪತಗುಡ್ಡ. ಗದಗಿನ ಮಗ್ಗುಲ ಬಿಂಕದಕಟ್ಟಿಯ ಹತ್ತಿರ ಎದ್ದು, ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು 65 ಕಿಲೋಮೀಟರ್ ಚಾಚಿಕೊಂಡಿದೆ. ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ ಇದೆಂದು ಕೇಳಿದವರೆಲ್ಲ ಹೇಳುತ್ತಾರೆ. ಇದರೊಳಗೆ ನೂರು ವರ್ಷಕ್ಕೂ ಹಿಂದೆ ಬಂಗಾರದ ಗಣಿಗಳು ನಡೆದಿದ್ದವು, ಅವುಗಳ ಗೋಡೆ, ಗುಂಡಿ, ಬೂದಿಗುಡ್ಡೆ ಇನ್ನೂ ಹಾಗೇ ಬಿದ್ದಿವೆ ಎಂದರೆ ಮಾತ್ರ ಗದಗಿನವರಲ್ಲೇ ಕೆಲವರು ‘ಹೌದಾ?’ ಎಂದು ತಿರುಗಿ ಕೇಳುತ್ತಾರೆ.

ನಾನು ಅಂಕಲಗಿ ಕಡೆಯ ಮನುಷ್ಯ. ನಮ್ಮ ಭಾಗದಲ್ಲಿ ಹಳೆಯ ಕೈಗಾರಿಕೆಯ ಗುರುತು ನೋಡಬೇಕೆಂದರೆ ದೂರ ಹೋಗಬೇಕಿಲ್ಲ, ಗೋಕಾಕ ಫಾಲ್ಸ್ ಇದೆ. ಜಲಪಾತ ನೋಡಲು ಬಂದವರ ಕಣ್ಣಿಗೆ ಘಟಪ್ರಭೆಯ ಮೇಲಿನ ತೂಗುಸೇತುವೆಯೂ ಬ್ರಿಟಿಷರ ಕಾಲದ ಹತ್ತಿ ಗಿರಣಿಯೂ ಬೇಡವೆಂದರೂ ಬೀಳುತ್ತವೆ. ಮಳೆಗಾಲದ ಭಾನುವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಪ್ಪತಗುಡ್ಡದ ಗಣಿಗಳಿಗೆ ಅಂಥ ಜಲಪಾತದ ಆಸರೆಯಿಲ್ಲ. ಹುಡುಕಿಕೊಂಡೇ ಹೋಗಬೇಕು. ಯರಗಟ್ಟಿ, ಸವದತ್ತಿ ದಾಟಿ ಗದಗಕ್ಕೆ ಬಂದಿಳಿದದ್ದು ಅದಕ್ಕೇ.

ನೋಡಿದ ಜಾಗದ ಹೆಸರನ್ನು ಬರೆಯುತ್ತಿಲ್ಲ. ಅಲ್ಲಿ ಬಾಯಿ ತೆರೆದ ಆಳದ ಗುಂಡಿಗಳಿವೆ, ಸುತ್ತ ಬೇಲಿಯಿಲ್ಲ. ಮೊಬೈಲ್ ಹಿಡಿದು ಹಿಂದೆ ಹಿಂದೆ ಸರಿಯುತ್ತ ವಿಡಿಯೊ ಮಾಡುವವರು ಅಲ್ಲಿಗೆ ತಂಡ ಕಟ್ಟಿಕೊಂಡು ಹೋಗುವುದು ನನಗೆ ಬೇಕಿಲ್ಲ. ಗುಡ್ಡದಲ್ಲಿ ಇಂಥ ಜಾಗ ಒಂದೇ ಅಲ್ಲ. ಕಬಲಾಯತಕಟ್ಟಿ, ಹೊಸೂರು ಎಂದು ಹಳೆಯ ದಾಖಲೆಗಳಲ್ಲಿ ಹೆಸರುಗಳಿವೆ. ಆಗ ಶಿರಹಟ್ಟಿ ಸೀಮೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತಾದ್ದರಿಂದ ‘ಸಾಂಗ್ಲಿ ಗಣಿ’ ಎಂಬುದೂ ಒಂದಿತ್ತು.

ಇನ್ನೊಂದು ಮಾತು. 2019ರ ಮೇ ತಿಂಗಳಿಂದ ಕಪ್ಪತಗುಡ್ಡದ 244.15 ಚದರ ಕಿಲೋಮೀಟರ್ ವನ್ಯಜೀವಿಧಾಮ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಸುಮ್ಮನೆ ನುಗ್ಗುವಂತಿಲ್ಲ. ಅಲ್ಲೇ ವಾಸವಿರುವವರು, ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವವರು ಬೇರೆ. ಉಳಿದವರು ಅನುಮತಿ ಪಡೆಯಬೇಕು, ಅಧ್ಯಯನಕ್ಕೋ ಛಾಯಾಚಿತ್ರಕ್ಕೋ ಪ್ರವಾಸಕ್ಕೋ ಎಂದು ಕಾರಣ ಕೊಡಬೇಕು. ನಾನೂ ಕೇಳಿಕೊಂಡೇ ಹೋದೆ. ಜತೆಗೆ ಅರಣ್ಯ ಇಲಾಖೆಯ ಒಬ್ಬ ವಾಚರ್ ಬಂದರು. ಗುಡ್ಡದ ಬುಡದ ತಾಂಡಾದವರು, ವಯಸ್ಸಿನಲ್ಲಿ ಹಿರಿಯರು. ನಾನು ಕಾಕಾ ಎಂದೆ, ಅವರು ನನ್ನನ್ನು ಸರ ಎಂದರು. ದಿನವಿಡೀ ಹಾಗೇ ನಡೆಯಿತು.

ಟಾರು ರಸ್ತೆ ಮುಗಿಯುವಲ್ಲಿ ಇಲಾಖೆಯ ಫಲಕವೊಂದಿದೆ. ತೋಳ, ಕತ್ತೆಕಿರುಬ, ಚಿರತೆ, ನವಿಲಿನ ಚಿತ್ರಗಳು. ಬೆಂಕಿ ಹಚ್ಚಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ ಎಂಬ ಸೂಚನೆ. ಗಣಿಯ ಸುದ್ದಿ ಇಲ್ಲ. ಸ್ವಲ್ಪ ಮುಂದೆ ಗಿಡದ ಬೊಡ್ಡೆಗೆ ಯಾರೋ ಸುಣ್ಣದಲ್ಲಿ ಬಾಣದ ಗುರುತು ಹಾಕಿದ್ದರು. ಗಣಿಯ ದಾರಿಯೋ ದೇವರ ದಾರಿಯೋ ಎಂದು ಕೇಳಿದೆ. ‘ಬಸವಣ್ಣಗ ಹೋಗೂದ್ರಿ ಅದು’ ಎಂದರು ಕಾಕಾ. ಈ ಗುಡ್ಡದಲ್ಲಿ ದಾರಿ ತೋರುವ ಗುರುತುಗಳೆಲ್ಲ ದೇವರ ಕಡೆಗೇ ತಿರುಗಿವೆ. ಗಾಳಿಗುಂಡಿ ಬಸವಣ್ಣ, ಕಪ್ಪತ ಮಲ್ಲಯ್ಯ, ನಂದಿವೇರಿ. ಅವರಿಗೆ ಭಕ್ತರಿದ್ದಾರೆ, ಆದ್ದರಿಂದ ದಾರಿಯೂ ಇದೆ.

ಎತ್ತಿನ ಬಂಡಿ ಓಡಾಡಿದ ಹಾದಿ ಹಿಡಿದೆವು. ಮಣ್ಣು ಕೆಂಪು, ಕಾಲಡಿಯ ಕಲ್ಲಿನಲ್ಲಿ ಕಬ್ಬಿಣದ ತೂಕ. ಎರಡೂ ಕಡೆ ಬಂದರಿಕೆ, ಕಾರೆಕಂಟಿ, ಹಳದಿ ಹೂವಿನ ತಂಗಡಿ. ಒಂದು ಹಳ್ಳ ಅಡ್ಡ ಬಂತು. ನೀರಿರಲಿಲ್ಲ, ತಳದಲ್ಲಿ ಉಸುಕಿನ ನಡುವೆ ಕಪ್ಪು ಗೆರೆಗಳಿದ್ದವು. ಕಬ್ಬಿಣದ ಅಂಶವಿರುವ ಭಾರದ ಉಸುಕು ಹಾಗೆ ಬೇರೆಯಾಗಿ ನಿಲ್ಲುತ್ತದೆ. ಬಂಗಾರವೂ ಭಾರ, ಅದೂ ಇದೇ ಗೆರೆಯಲ್ಲೇ ಸಿಗುತ್ತಿತ್ತು.

ಕಂಪನಿಗಳು ಬರುವ ಎಷ್ಟೋ ಮೊದಲೇ ಈ ಹಳ್ಳಗಳಲ್ಲಿ ಜಾಲಗಾರರು ಬಂಗಾರ ತೊಳೆಯುತ್ತಿದ್ದರು. ಮಳೆ ಬಂದು ಹೋದ ಮೇಲೆ ಉಸುಕು ಬಾಚಿ, ಮರದ ಮರಿಗೆಯಲ್ಲಿ ಹಾಕಿ, ನೀರು ಹೊಯ್ದು ಅಲ್ಲಾಡಿಸಿ, ಹಗುರದ್ದನ್ನೆಲ್ಲ ಚೆಲ್ಲಿ, ಕೊನೆಗುಳಿದ ಕಪ್ಪು ಉಸುಕಿನಲ್ಲಿ ಚೂರು ಹುಡುಕುವ ಕಸುಬು. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿಯ ಬಂಗಾರದ ಕಲ್ಲುಗಳ ಬಗ್ಗೆ ವರದಿ ಬರೆದಾಗ ಈ ಜಾಲಗಾರರ ಕೈಯಲ್ಲೇ ಹಳ್ಳಗಳ ಉಸುಕು ತೊಳೆಸಿ ನೋಡಿದ. ಸೊರಟೂರಿನ ಕಡೆಯ ಹಳ್ಳ ಅವನಿಗೆ ಹೆಚ್ಚು ಭರವಸೆ ಕೊಟ್ಟಿತು. 1884ರ ಧಾರವಾಡ ಗೆಜೆಟಿಯರ್‌ನಲ್ಲೂ ಈ ಜನರ ಮಾತು ಬರುತ್ತದೆ. ಅವರ ಕೈಯ ಮರಿಗೆಯೊಂದು ಯಾವುದಾದರೂ ಮನೆಯ ಅಟ್ಟದ ಮೇಲೆ ಉಳಿದಿದ್ದರೆ ನೋಡಬೇಕಿತ್ತು ಎನ್ನಿಸಿತು. ಕಾಕಾ ಅಂಥದ್ದನ್ನು ಕಂಡವರಲ್ಲ.

ಇಲ್ಲಿಂದ ಹದಿನೈದು ಇಪ್ಪತ್ತು ಮೈಲಿಯೊಳಗೆ ಲಕ್ಕುಂಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣ ಎಂಬ ಬಂಗಾರದ ನಾಣ್ಯ ಅಲ್ಲಿ ಅಚ್ಚಾಗುತ್ತಿತ್ತು. ಆ ಬಂಗಾರ ಈ ಗುಡ್ಡದ್ದೇ ಎಂದು ಎದೆ ತಟ್ಟಿ ಹೇಳುವವರು ಸಿಗುತ್ತಾರೆ. ಹಾಗೆ ನಂಬಲು ಆಸೆಯಾಗುತ್ತದೆ ಎಂಬಷ್ಟನ್ನು ಒಪ್ಪುತ್ತೇನೆ. ರುಜುವಾತು ಕಂಡಿಲ್ಲ.

ಹಳ್ಳ ದಾಟಿದ ಮೇಲೆ ಹಾದಿ ಒಂದು ಏರಿಯ ಮೇಲೆ ಹತ್ತಿತು. ಅಲ್ಲಿ ಏನೋ ಬೇರೆ ಅನ್ನಿಸಿ ನಿಂತೆ. ಗುಡ್ಡದ ಹಾದಿ ಸಾಮಾನ್ಯವಾಗಿ ದನದ ಕಾಲಿನಂತೆ ಬಳುಕುತ್ತದೆ. ಇದು ನೇರ, ಏರೂ ಒಂದೇ ಹದದ್ದು, ಕೆಳಮಗ್ಗುಲಿಗೆ ಕಲ್ಲಿನ ಒಡ್ಡು ಕಟ್ಟಿದ್ದಾರೆ. ಕಲ್ಲು ಸಾಗಿಸುವ ಡಬ್ಬಿಗಳಿಗೆ ಹಳಿ ಹಾಸಿದ್ದ ದಾರಿ ಇದಾಗಿರಬಹುದೆಂದು ನನ್ನ ಊಹೆ. ಬಂಡಿ ಹಾದಿಯೂ ಆಗಿರಬಹುದು. ‘ಹಳಿ ಇದ್ವಂತ್ರಿ, ನಮ್ಮಪ್ಪ ಹೇಳ್ತಿದ್ದ. ಗುಜರಿಯವ್ರು ಒಯ್ದ್ರಂತ’ ಎಂದರು ಕಾಕಾ. ಅವರ ಅಪ್ಪನೂ ಕಣ್ಣಾರೆ ಕಂಡಿದ್ದರೋ ಇನ್ನೊಬ್ಬರಿಂದ ಕೇಳಿದ್ದರೋ ಎಂದು ಬಗೆದು ಕೇಳಲು ಮನಸ್ಸಾಗಲಿಲ್ಲ.

ಏರಿ ಮುಗಿಯುವ ಮುಂಚೆ ಎಡಕ್ಕೆ ಗುಡ್ಡದ ಮೈಯಲ್ಲಿ ಉದ್ದನೆಯ ತಗ್ಗು ಕಂಡಿತು. ಅಗಲ ಒಂದಾಳು, ಉದ್ದ ಕಣ್ಣು ಹೋದಷ್ಟು, ತುಂಬ ಕಂಟಿ. ಕಂದಕದಂತೆ ಕಂಡರೂ ಅದು ಬೆಣಚುಕಲ್ಲಿನ ಪಟ್ಟಿಯನ್ನೇ ಬೆನ್ನು ಹಿಡಿದು ಹೋಗಿದೆ. ಪಟ್ಟಿ ಎಲ್ಲಿ ತಿರುಗಿದೆಯೋ ತಗ್ಗೂ ಅಲ್ಲಿ ತಿರುಗಿದೆ. ಈ ಭಾಗದಲ್ಲಿ ಬ್ರಿಟಿಷ್ ಕಂಪನಿಗಳು ಕಾಲಿಡುವ ಮೊದಲೇ ಹಳೆಯವರು ಅಗೆದ ಗುಂಡಿಗಳಿದ್ದವೆಂದೂ ಕಂಪನಿಯವರು ಹೊಸ ಶಾಫ್ಟುಗಳನ್ನು ಇಳಿಸಿದ್ದು ಬಹುಪಾಲು ಅವುಗಳ ಜಾಡು ಹಿಡಿದೇ ಎಂದೂ ಓದಿದ್ದೆ. ಹಟ್ಟಿಯಲ್ಲಿ, ಕೋಲಾರದಲ್ಲಿ ಆದದ್ದೂ ಅದೇ. ನನ್ನೆದುರಿನ ತಗ್ಗು ಯಾವ ಕಾಲದ್ದು? ಉಳಿಯ ಗುರುತಿನಿಂದ ಹೇಳಬಲ್ಲವರು ಇರಬಹುದು. ನಾನು ನೋಡಿದ್ದು ಕಂಟಿ, ಕೆಳಗೆ ಬಿದ್ದ ಬಿಳಿಗಲ್ಲು, ಒಂದು ಹಾವಿನ ಪೊರೆ.

ಆಮೇಲೆ ಸಿಕ್ಕಿದ್ದು ಗೋಡೆಗಳು. ಮೂರು ಕೋಣೆಯ ಕಟ್ಟಡ, ಸೂರಿಲ್ಲ. ಇಲ್ಲಿಯದೇ ಪದರುಗಲ್ಲನ್ನು ಗಚ್ಚಿನಲ್ಲಿ ಕಟ್ಟಿದ್ದಾರೆ. ಮೂಲೆಗಳಿಗೆ ಮಾತ್ರ ಕೆತ್ತಿದ ಕಲ್ಲು. ಬಾಗಿಲು ಕಿಟಕಿಗಳ ಮೇಲಿನ ಕಟ್ಟಿಗೆ ತೊಲೆಗಳನ್ನು ಯಾರೋ ಎಂದೋ ಕಿತ್ತೊಯ್ದಿದ್ದಾರೆ. ಅದರಿಂದಾಗಿ ಮೇಲಿನ ಕಲ್ಲು ಕುಸಿದು ಕಿಟಕಿಗಳೆಲ್ಲ ತಲೆಕೆಳಗಾದ ಮುಕ್ಕೋನವಾಗಿವೆ. ಒಳಗೆ ಕುರಿಹಿಕ್ಕೆ, ಸುಟ್ಟ ಮೂರು ಕಲ್ಲು, ಬಾಟಲಿ. ಗೋಡೆಯ ಗಚ್ಚಿನ ಮೇಲೆ ಪ್ರೇಮಿಗಳ ಹೆಸರು, ಒಂದು ಕ್ರಿಕೆಟ್ ತಂಡದ ಹೆಸರು. ಊರವರು ಇದನ್ನು ಬಂಗ್ಲೆ ಎನ್ನುತ್ತಾರೆ. ಸಾಹೇಬ ಇದ್ದಿರಬಹುದು, ಲೆಕ್ಕದ ಕಚೇರಿ ಇದ್ದಿರಬಹುದು. ದಕ್ಷಿಣದ ಕಿಟಕಿಯಲ್ಲಿ ನಿಂತರೆ ಗಣಿಯ ಬಾಯಿಯೂ ಕೆಲಸದ ಅಂಗಳವೂ ಒಂದೇ ನೋಟಕ್ಕೆ ಸಿಗುತ್ತವೆ, ಹಾಗಾಗಿ ನನ್ನ ಮತ ಕಚೇರಿಗೆ.

ಕೂಲಿಯವರು ಎಲ್ಲಿ ಇರುತ್ತಿದ್ದರು ಎಂಬುದಕ್ಕೆ ನೆಲದ ಮೇಲೆ ಏನೂ ಗುರುತಿಲ್ಲ. ಮಣ್ಣಿನ ಗೋಡೆಯೂ ಹುಲ್ಲಿನ ಚಪ್ಪರವೂ ನೂರು ಮಳೆಗಾಲ ತಡೆಯುವುದಿಲ್ಲ. ಕಲ್ಲಿನಲ್ಲಿ ಕಟ್ಟಿಸಿದವರ ನೆನಪಷ್ಟೇ ಇಂಥ ಜಾಗಗಳಲ್ಲಿ ನಿಲ್ಲುತ್ತದೆ ಎಂಬುದು ಹಾಳು ಕೋಟೆಗಳಲ್ಲೂ ನನ್ನನ್ನು ಕಾಡುವ ವಿಷಯ.

ಬಂಗ್ಲೆಯಿಂದ ಇಳಿದರೆ ಅಂಗಳ. ಇಲ್ಲಿ ಹೆಚ್ಚು ಹೊತ್ತು ಕಳೆದೆ. ಕೆತ್ತಿದ ದೊಡ್ಡ ಕಲ್ಲುಗಳ ದಿಮ್ಮಿಗಳನ್ನು ಎರಡು ಸಾಲಾಗಿ ಕೂರಿಸಿದ್ದಾರೆ. ಕೆಲವು ಕಲ್ಲುಗಳ ನಡುವಿನಿಂದ ಹೆಬ್ಬೆರಳಿಗಿಂತ ದಪ್ಪದ ಕಬ್ಬಿಣದ ಬೋಲ್ಟುಗಳು ಇನ್ನೂ ನಿಂತಿವೆ, ಮರೆ ಸವೆದಿದ್ದರೂ ಕೈಗೆ ಸಿಗುತ್ತದೆ. ಭಾರದ ಯಂತ್ರವೊಂದು ಅದುರದಂತೆ ಬಿಗಿದಿಡುವ ಪಾಯ ಇದು. ಬಾಯ್ಲರಿನದೋ ಕುಟ್ಟುವ ಯಂತ್ರದ್ದೋ ಎಂದು ಸುತ್ತುಹಾಕಿ ನೋಡಿದೆ. ಎರಡು ಸಾಲು, ನಡುವೆ ಇಳಿಜಾರು, ಇಳಿಜಾರಿನ ಕೆಳಗೆ ತೊಟ್ಟಿಗಳ ಗುರುತು. ಕುಟ್ಟುವ ಯಂತ್ರದ್ದೇ ಎಂಬ ತೀರ್ಮಾನಕ್ಕೆ ಬಂದೆ, ಗಣಿ ಎಂಜಿನಿಯರ್ ಯಾರಾದರೂ ಅಲ್ಲವೆಂದರೆ ವಾದಕ್ಕಿಳಿಯುವುದಿಲ್ಲ.

ಇಲ್ಲಿ ಆಗುತ್ತಿದ್ದ ಕೆಲಸ ಹೀಗೆ. ಒಳಗಿನಿಂದ ಬಂದ ಬೆಣಚುಕಲ್ಲನ್ನು ಒಡೆದು, ಕಬ್ಬಿಣದ ಒನಕೆಗಳ ಸಾಲಿನಡಿ ಹಾಕುತ್ತಿದ್ದರು. ಉಗಿಯ ಬಲದಿಂದ ಒನಕೆಗಳು ಒಂದೊಂದಾಗಿ ಏರಿ ಬಿದ್ದು ಕಲ್ಲನ್ನು ನೀರಿನ ಜತೆ ರಾಡಿ ಮಾಡುತ್ತಿದ್ದವು. ಆ ರಾಡಿ ಪಾದರಸ ಬಳಿದ ತಾಮ್ರದ ಹಲಗೆಗಳ ಮೇಲೆ ಹರಿದುಹೋಗುವಾಗ ಬಂಗಾರ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಅಂಟದೆ ಹೋದದ್ದನ್ನು ಹಿಡಿಯಲು ಸೈನೈಡ್ ತೊಟ್ಟಿಗಳು. ಸೈನೈಡ್ ವಿಧಾನಕ್ಕೆ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ, ಸ್ಕಾಟ್ಲೆಂಡಿನಲ್ಲಿ ಕಂಡುಹಿಡಿದದ್ದು. ಅಲ್ಲಿಯವರೆಗೆ ಲಾಭವಿಲ್ಲವೆಂದು ಬಿಟ್ಟಿದ್ದ ಬಡ ಕಲ್ಲಿಗೂ ಆಮೇಲೆ ಬೆಲೆ ಬಂತು. ಕೋಲಾರದ ಲಾಭ ಕಂಡ ಹಣವಂತರು ಧಾರವಾಡ ಜಿಲ್ಲೆಯ ಹೆಸರಿನಲ್ಲೂ ಕಂಪನಿ ಕಟ್ಟಿದರು. 20ನೇ ಶತಮಾನದ ಮೊದಲ ದಶಕದಲ್ಲಿ ಇಲ್ಲಿ ಒನಕೆಗಳ ಸದ್ದು ಕೇಳಿತು. ಕೋಲಾರದಲ್ಲಿ ಸಿಕ್ಕಂಥ ಪಟ್ಟಿ ಇಲ್ಲಿ ಸಿಗಲಿಲ್ಲ. ಬಂಗಾರ ಇತ್ತು, ಖರ್ಚು ಹುಟ್ಟುವಷ್ಟು ಇರಲಿಲ್ಲ. ಹೆಚ್ಚು ಕಾಲ ಕಾಯದೆ ಗಂಟುಮೂಟೆ ಕಟ್ಟಿದರು. ಕೋಲಾರದ ಗಣಿ 2001ರ ತನಕ ನಡೆಯಿತು, ರಾಯಚೂರು ಜಿಲ್ಲೆಯ ಹಟ್ಟಿ ಈಗಲೂ ನಡೆಯುತ್ತಿದೆ. ಕಪ್ಪತಗುಡ್ಡದ್ದು ಅವುಗಳ ನಡುವೆ ಮಾತಿಗೆ ಸಿಗದೆ ಉಳಿಯಿತು.

ತೊಟ್ಟಿಗಳಾಚೆ ಬೂದಿಗುಡ್ಡೆ. ಊರವರು ಬೂದಿ ಎಂದೇ ಕರೆಯುತ್ತಾರೆ. ಕುಟ್ಟಿ, ತೊಳೆದು, ಬಂಗಾರ ಹಿಂಡಿ ಚೆಲ್ಲಿದ ಕಲ್ಲಿನ ಪುಡಿ ಅದು. ದೂರದಿಂದ ಬೂದು, ಹತ್ತಿರ ಹೋದರೆ ಅಲ್ಲಲ್ಲಿ ತುಕ್ಕಿನ ಹಳದಿ ಪಟ್ಟಿ. ಮಳೆ ನೀರು ಅದರ ಮೈಯಲ್ಲಿ ಸೀಳುಗಳನ್ನು ಕೊರೆದು ಕೆಳಗಿನ ಹಳ್ಳಕ್ಕೆ ಹರಡಿದೆ. ಸುತ್ತ ಬಂದರಿಕೆ ಎದೆಯೆತ್ತರ ಬೆಳೆದಿದೆ, ಈ ಗುಡ್ಡೆಯ ಮೇಲೆ ಅಂಚಿನ ನಾಲ್ಕಾರು ಗಿಡ ಬಿಟ್ಟರೆ ಬೋಳು. ನೂರು ವರ್ಷದ ಬೀಜ, ಗಾಳಿ, ಹಕ್ಕಿಹಿಕ್ಕೆ ಎಲ್ಲ ಸೇರಿಯೂ ಇದನ್ನು ಹಸಿರು ಮಾಡಿಲ್ಲ. ‘ದನ ಬಿಡೂದಿಲ್ರಿ ಈ ಕಡೆ. ಮಳಿ ನೀರು ನಿಂತಿದ್ರ ಮೊದಲ ಓಡಿಸ್ತೇವಿ’ ಎಂದರು ಕಾಕಾ. ಸೈನೈಡ್ ಇರಬಹುದೆಂಬ ಭಯ ಊರಿನಲ್ಲಿ ಈಗಲೂ ಇದೆಯಂತೆ. ಸೈನೈಡ್ ಬಿಸಿಲು ಗಾಳಿಗೆ ಒಡೆದುಹೋಗುವಂಥದ್ದು, ಇಷ್ಟು ಕಾಲ ಮೇಲ್ಮೈಯಲ್ಲಿ ನಿಲ್ಲುವುದು ಕಷ್ಟ. ಆದರೆ ಗದಗ ಸೀಮೆಯ ಬಂಗಾರದ ಕಲ್ಲಿನಲ್ಲಿ ಬಂಗಾರದ ಜತೆ ಆರ್ಸೆನಿಕ್ ಇರುವ ಖನಿಜವೂ ಇರುತ್ತದೆ. ಆರ್ಸೆನಿಕ್ ಒಂದು ಮೂಲವಸ್ತು, ಅದು ಒಡೆದು ಇನ್ನೊಂದಾಗುವುದಿಲ್ಲ. ಕಾರಣ ತಪ್ಪಿದ್ದರೂ ಊರವರು ದನ ಓಡಿಸುವುದು ಸರಿಯೇ ಇದ್ದೀತು.

ಇದೇ ಬೂದಿಯ ಮುಂದೆ ನಿಂತಾಗ, ಈ ಅವಶೇಷಗಳು ಯಾರಿಗೂ ಬೇಡವಾದದ್ದೇಕೆ ಎಂದು ಯೋಚಿಸಿದೆ. ಅರಣ್ಯದ ಕಾಯ್ದೆ ಗಿಡ, ಪ್ರಾಣಿಗಳನ್ನು ನೋಡುತ್ತದೆ, ಮುರಿದ ಗೋಡೆಯನ್ನಲ್ಲ. ಪುರಾತತ್ವದ ಕೇಂದ್ರ ಕಾಯ್ದೆ, 1958ರದ್ದು, ನೂರು ವರ್ಷ ದಾಟಿದ್ದನ್ನು ಸ್ಮಾರಕವೆಂದು ಪರಿಗಣಿಸಲು ಅವಕಾಶ ಕೊಡುತ್ತದೆ. ಈ ಪಾಯಗಳಿಗೆ ಆ ವಯಸ್ಸು ತುಂಬಿದೆ. ಆದರೆ ಪಕ್ಕದಲ್ಲೇ ಡಂಬಳದ ದೊಡ್ಡಬಸಪ್ಪನ ನಕ್ಷತ್ರಾಕಾರದ ಗುಡಿ, ಲಕ್ಕುಂಡಿಯ ಬಸದಿಗಳು ಇರುವಾಗ ಬೋಲ್ಟು ಚುಚ್ಚಿದ ಕಲ್ಲನ್ನು ಯಾರು ಸ್ಮಾರಕ ಎಂದಾರು? ಇನ್ನು ಗುಡ್ಡ ಉಳಿಸಲು ಹೋರಾಡಿದವರಿಗೆ ಗಣಿ ಎಂದರೆ ಎದುರಾಳಿ. ಎದುರಾಳಿಯ ಗೋರಿಗೆ ಸುಣ್ಣ ಬಳಿಯಿರಿ ಎಂದು ಅವರಿಗೆ ಹೇಳುವುದು ಹೇಗೆ?

ನನಗೆ ಮಾತ್ರ ತಿರುಗುಮುರುಗಾಗಿ ತೋರುತ್ತದೆ. ಗುಡ್ಡದ ಪರವಾಗಿ ಸಾಕ್ಷಿ ಹೇಳುವ ವಸ್ತು ಈ ಬೂದಿಗಿಂತ ಬೇರೆ ಬೇಕೇ? ಗಣಿ ನಡೆದದ್ದು ಕೆಲವೇ ವರ್ಷ, ಕೆಲಸ ಸಣ್ಣದು. ಈಗಿನ ಯಂತ್ರಗಳ ಮುಂದೆ ಅದು ಲೆಕ್ಕಕ್ಕೂ ಇಲ್ಲ. ಆದರೂ ಗುರುತು ಇನ್ನೂ ಮಾಸಿಲ್ಲ. ಶಾಲೆಯ ಮಕ್ಕಳನ್ನು ಕರೆತಂದು ಈ ಬೋಳು ಗುಡ್ಡೆಯನ್ನೂ ಅದರ ಪಕ್ಕದ ಬಂದರಿಕೆ ಗಿಡವನ್ನೂ ತೋರಿಸಿದರೆ ಭಾಷಣ ಬೇಕಾಗದು. ತೋರಿಸಬೇಕೆಂದರೆ ದಾರಿ ಬೇಕು, ಬೇಲಿ ಬೇಕು, ಏನು ಎತ್ತ ಎಂದು ಬರೆದ ಒಂದು ಫಲಕ ಬೇಕು.

ಬೇಲಿಯ ಮಾತು ಬಂದದ್ದು ಮುಂದಿನ ಇಪ್ಪತ್ತು ಹೆಜ್ಜೆಯಲ್ಲಿ. ‘ನಿಂದರ್ರಿ ಸರ. ಇಲ್ಲಿಂದ ನಾ ಕಾಲಿಟ್ಟಲ್ಲೇ ಇಡ್ರಿ’ ಎಂದು ಕಾಕಾ ಮುಂದಾದರು. ಲಂಟಾನ ದಟ್ಟವಾಗಿ ಹೂಬಿಟ್ಟಿತ್ತು. ಅವರು ಕೋಲಿನಿಂದ ಒಂದು ಹರೆ ಎತ್ತಿ ಹಿಡಿದಾಗಲೇ ಕಂಡದ್ದು ಶಾಫ್ಟಿನ ಬಾಯಿ. ಚೌಕ, ಅಂಚಿಗೆ ಕಲ್ಲು ಕಟ್ಟಿದ್ದು, ಒಂದು ಮಗ್ಗುಲ ಕಟ್ಟಡ ಒಳಕ್ಕೆ ಜಾರಿದೆ. ಒಳಗೆ ಒಂದು ಮಟ್ಟದವರೆಗೆ ಬೆಳಕು, ಆಮೇಲೆ ಏನೂ ಇಲ್ಲ. ಬಾಯಿಗೆ ಅಡ್ಡವಾಗಿ ಜಾಲಿಕಂಟಿ ಎಳೆದು ಹಾಕಿದ್ದರು, ಒಂದು ಕೋಲಿಗೆ ಕೆಂಪು ಅರಿವೆ ಕಟ್ಟಿದ್ದರು. ಕುರಿ ಬೀಳಬಾರದೆಂದು ಕುರಿಯವರೇ ಮಾಡಿದ ಏರ್ಪಾಡು. ಈ ಇಡೀ ಜಾಗದಲ್ಲಿ ಅಪಾಯ ಎಂದು ಸೂಚಿಸುವ ವಸ್ತು ಆ ಅರಿವೆ ಒಂದೇ.

ಕಾನೂನಿನ ಪ್ರಕಾರ ಇಲ್ಲಿಗೆ ಅನುಮತಿಯಿಲ್ಲದೆ ಬರುವಂತಿಲ್ಲ. ನಡೆಯುವುದು ಬೇರೆ. ಬಂಗ್ಲೆಯ ಗೋಡೆಯ ಹೆಸರುಗಳೇ ಹೇಳುವಂತೆ ಬೈಕ್ ಹತ್ತಿದವರು ಬರುತ್ತಾರೆ, ಹೋಗುತ್ತಾರೆ. ಕೇಳಿಕೊಂಡು ಬರುವವರಿಗೆ ಅರ್ಜಿ, ಕೇಳದೆ ಬರುವವರಿಗೆ ದಾರಿ ಸಲೀಸು. ಬೀಟಿಗೆ ಒಬ್ಬಿಬ್ಬರಿರುವ ಕಾವಲಿನವರು ಬೆಂಕಿ ನೋಡುವರೋ, ಬೇಟೆ ನೋಡುವರೋ, ಮುರುಕು ಗೋಡೆಗೆ ಕಾವಲು ಕೂರುವರೋ?

ಇಂಗ್ಲೆಂಡಿನ ಕಾರ್ನ್‌ವಾಲ್ ನೆನಪಾಯಿತು. ನಾನು ಹೋದವನಲ್ಲ, ಓದಿ, ಚಿತ್ರ ನೋಡಿ ಬಲ್ಲೆ. ಕಡಲ ದಂಡೆಯ ಕಡಿಬಂಡೆಗಳ ಮೇಲೆ ತವರ, ತಾಮ್ರದ ಹಳೆಯ ಗಣಿಗಳ ಎಂಜಿನ್ ಮನೆಗಳು ನಿಂತಿವೆ. ಬೊಟಾಲಕ್ ಎಂಬಲ್ಲಿ ಸುರಂಗಗಳು ಸಮುದ್ರದ ತಳದ ಕೆಳಗೇ ಸಾಗಿದ್ದವು. ದಂಡೆಯ ಆ ಜಾಗ ಈಗ ಸಂರಕ್ಷಿತ, 2006ರಿಂದ ಆ ಗಣಿಸೀಮೆ ಯುನೆಸ್ಕೊ ಪಟ್ಟಿಯಲ್ಲಿದೆ. ಸಾರ್ವಜನಿಕರ ಕಾಲುದಾರಿ ಆ ಗೋಡೆಗಳ ಪಕ್ಕದಲ್ಲೇ ಹಾದುಹೋಗುತ್ತದೆ. ತೆರೆದ ಶಾಫ್ಟುಗಳ ಕೆಲವಕ್ಕೆ ಉಕ್ಕಿನ ಜಾಲರಿಯನ್ನು ಗೋಪುರದಂತೆ ಹೊಚ್ಚಿದ್ದಾರೆ. ಮನುಷ್ಯ ಬೀಳುವುದಿಲ್ಲ, ಬಾವಲಿ ಒಳಹೊರಗೆ ಹಾರಬಹುದು. ಆ ನಾಡಿಗೂ ನಮ್ಮ ಗಣಿಗಳಿಗೂ ಸಂಬಂಧ ದೂರದ್ದಲ್ಲ. ಅಲ್ಲಿ ತವರದ ಬೆಲೆ ಬಿದ್ದಾಗ ಕೆಲಸ ಹುಡುಕಿ ಹೊರಟ ಕಾರ್ನ್‌ವಾಲ್‌ನ ಗಣಿಗಾರರು ಕೋಲಾರದವರೆಗೂ ಬಂದಿದ್ದರು. ಅವರ ಕಾಸಿನಷ್ಟು ನಮ್ಮಲ್ಲಿ ಇಲ್ಲ ಎನ್ನಬಹುದು. ನಾನು ಕೇಳುತ್ತಿರುವುದು ಪಟ್ಟಿಯನ್ನಲ್ಲ, ಜಾಲರಿಯನ್ನು.

ಜಾಲರಿ ಏಕೆ, ಮಣ್ಣು ತುಂಬಿ ಮುಚ್ಚಿದರೆ ಆಗದೇ ಎಂದರೆ ಉತ್ತರ ಸ್ವಲ್ಪ ಮೇಲೆ ಇತ್ತು. ಗುಡ್ಡದ ಮಗ್ಗುಲನ್ನು ಅಡ್ಡಕ್ಕೆ ಕೊರೆದ ಸುರಂಗದ ಬಾಯಿ, ಬಗ್ಗಿದರೆ ಒಬ್ಬರು ಹೋಗುವಷ್ಟು. ಹತ್ತಿರವಾಗುತ್ತಲೇ ಬಾವಲಿಯ ಕಮಟು ಮೂಗಿಗೆ ಬಡಿಯಿತು. ಬಾಯಿಯ ಮುಂದೆ ಸುಣ್ಣದ ಉಂಡೆಗಳಂಥ ಬಿಳಿ ಹಿಕ್ಕೆ ಬಿದ್ದಿತ್ತು. ‘ಕತ್ತೆಕಿರುಬರೀ’ ಎಂದರು ಕಾಕಾ. ಎಲುಬನ್ನೇ ಅಗಿದು ತಿನ್ನುವ ಪ್ರಾಣಿ, ಹಿಕ್ಕೆ ಒಣಗಿದರೆ ಬಿಳಿ. ಒಂದು ಎಳೆ ದನದ ದವಡೆಯೂ ಅಲ್ಲಿತ್ತು. ಬಂಗಾರಕ್ಕೆಂದು ಕೊರೆದ ಬಿಲವನ್ನು ಕತ್ತೆಕಿರುಬ ಮನೆ ಮಾಡಿಕೊಂಡಿದೆಯೋ, ರಾತ್ರಿ ತಂಗಲು ಮಾತ್ರ ಬರುತ್ತದೆಯೋ ಹೇಳಲಾರೆ. ಬೆಳಕು ಹಾಕಿ ನೋಡುವ ಆಸೆ ಬಂದದ್ದು ನಿಜ. ಕಾಕಾ ಬೇಡವೆಂದರು. ಹಳೆಯ ಸುರಂಗದಲ್ಲಿ ಮೇಲಿನ ಕಲ್ಲು ನಂಬುವಂತಿಲ್ಲ, ಗಾಳಿಯಾಡದ ಕಡೆ ಉಸಿರು ನಂಬುವಂತಿಲ್ಲ, ಮರಿ ಇದ್ದರೆ ಕಿರುಬವೂ ನಂಬುವಂತಿಲ್ಲ. ಸುಮ್ಮನೆ ತಿರುಗಿದೆ.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ತೆರೆಯಿರಿ ಎಂಬುದು ನನ್ನ ಮಾತಲ್ಲ. ಈ ಸುರಂಗದ ಸುತ್ತಮುತ್ತ ಯಾರೂ ಸುಳಿಯದಿದ್ದರೆ ಒಳ್ಳೆಯದು. ಬಂಗ್ಲೆ, ಅಂಗಳ, ಬೂದಿ, ಇಷ್ಟಕ್ಕೆ ಒಂದು ದಾರಿ ಸಾಕು, ಅದು ಏರಿಯ ಮೇಲಿನ ಹಳೆಯ ದಾರಿಯೇ ಆದೀತು. ತಾಂಡಾದ ನಾಲ್ಕು ಹುಡುಗರಿಗೆ ದಾರಿ ತೋರುವ ಕೆಲಸವಾಗುತ್ತದೆ. ಜತೆಗೆ ಅವರಿದ್ದರೆ ಗಚ್ಚಿನ ಮೇಲೆ ಹೆಸರು ಕೊರೆಯುವ ಕೈಯೂ ಸ್ವಲ್ಪ ಹಿಂಜರಿಯುತ್ತದೆ.

ನೆತ್ತಿಗೆ ಹತ್ತುವ ಹೊತ್ತಿಗೆ ಬಿಸಿಲು ಏರಿತ್ತು. ಗಾಳಿಯಂತ್ರದ ರೆಕ್ಕೆಗಳ ಸದ್ದು ಮೇಲೆ, ಕೆಳಗೆ ಎರಿ ಹೊಲಗಳ ಕಪ್ಪು ಬಯಲು. ಪೂರ್ವದ ಹಳ್ಳಿಗುಡಿ ಕಡೆ ಕೈ ತೋರಿಸಿ ಕಾಕಾ ಆ ಕಥೆ ತೆಗೆದರು. 2011ರಲ್ಲಿ ಅಲ್ಲಿ ಉಕ್ಕಿನ ಕಾರ್ಖಾನೆಗೆ ಜಮೀನು ಕೊಡುವುದಿಲ್ಲವೆಂದು ರೈತರು ಎದ್ದು ನಿಂತಿದ್ದರು, ಕಂಪನಿ ಹಿಂದೆ ಸರಿಯಿತು. ಗುಡ್ಡದ ಕಥೆ ಅದಕ್ಕಿಂತ ಡೊಂಕು. 2015ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಆ ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಬಂಗಾರದ ಗಣಿಗೆ ಮತ್ತೆ ಬಾಗಿಲು ತೆರೆಯುತ್ತಿದ್ದಾರೆಂದು ಜನ ಅರ್ಥ ಮಾಡಿಕೊಂಡರು. 2017ರ ಫೆಬ್ರವರಿಯಲ್ಲಿ ಮಠಾಧೀಶರು, ರೈತರು, ವಿದ್ಯಾರ್ಥಿಗಳು ಗದಗಿನಲ್ಲಿ ಹಗಲಿರುಳು ಧರಣಿ ಕೂತರು. ಏಪ್ರಿಲ್‌ನಲ್ಲಿ ಸಂರಕ್ಷಿತ ಪಟ್ಟ ಮರಳಿ ಬಂತು, ಎರಡು ವರ್ಷದ ಮೇಲೆ ವನ್ಯಜೀವಿಧಾಮವಾಯಿತು. ‘ನಾನೂ ಹೋಗಿದ್ನಿರೀ ಧರಣಿಗೆ’ ಎಂದರು ಕಾಕಾ. ವಾಚರ್ ಕೆಲಸಕ್ಕೆ ಸೇರುವ ಮೊದಲೋ ಆಮೇಲೋ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಹಳೆ ಗಣಿ ನೋಡಲು ಮಂದಿ ಬಂದರೆ ನಿಮಗೆ ಹೇಗೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ‘ಬರ್ಲಿರಿ. ಆದ್ರ ಬಂಗಾರ ಐತಿ ಅಂತ ಬರಬಾರದ್ರಿ’ ಎಂದರು. ಬೂದಿಯನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಮನೆಯಲ್ಲಿ ತೊಳೆದು ನೋಡಿದವರ ಕಥೆಯೊಂದನ್ನು ಇಳಿಯುವಾಗ ಹೇಳಿದರು. ಸಿಕ್ಕಿತೇ ಎಂದರೆ ನಕ್ಕರು.

ಇಳಿದದ್ದು ಇನ್ನೊಂದು ಮಗ್ಗುಲಿನಿಂದ, ತಾಂಡಾದ ಹಿಂದಿನ ದಾರಿ. ಅಲ್ಲಿ ಒಬ್ಬರ ಮನೆಯ ಕಟ್ಟೆಗೆ ಚೌಕಾಗಿ ಕೆತ್ತಿದ ಕಲ್ಲು ಹಾಕಿದ್ದರು, ನಡುವೆ ಬೋಲ್ಟಿನ ತೂತು. ಯಾರ ಅಂಗಳದಿಂದ ಬಂದದ್ದೆಂದು ಕೇಳಬೇಕಿರಲಿಲ್ಲ. ಅದರ ಮೇಲೆ ಕೂತು ಚಹಾ ಕುಡಿದೆವು.

ಹೋಗಬೇಕೆನ್ನುವವರಿಗೆ ಎರಡು ಮಾತು. ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿ, ಜತೆಗೆ ಸ್ಥಳದವರೊಬ್ಬರಿಲ್ಲದೆ ಹೋಗಬೇಡಿ. ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಚೆಂದ ಕಾಣುತ್ತದೆ, ಆದರೆ ಶಾಫ್ಟಿನ ಅಂಚಿನ ಮಣ್ಣು ನೆನೆದು ಸಡಿಲಾಗುವುದೂ ಲಂಟಾನ ಬಾಯಿಗಳನ್ನು ಪೂರ್ತಿ ಮುಚ್ಚುವುದೂ ಆಗಲೇ. ಬೇಸಿಗೆಗೆ ಹುಲ್ಲು ಒಣಗಿ ಬೆಂಕಿಯ ಕಾಲ, ಇಲಾಖೆಯವರಿಗೆ ಬಿಡುವಿರುವುದಿಲ್ಲ. ಡಿಸೆಂಬರ್, ಜನವರಿ ವಾಸಿ. ನೀರು ನೀವೇ ಒಯ್ಯಬೇಕು, ಬೂದಿಯ ಕೆಳಗಿನ ಹಳ್ಳದಲ್ಲಿ ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ.